ಮೂರು ಮಂದಿಯ ಪಕ್ಷ, ಬಿಳೂರಿನ ಏಳನೆಯ ಇಯತ್ತೆ

ಹೋದ ತಿಂಗಳು ಕಣ್ಣು ತೋರಿಸಲು ಸಾಂಗಲಿಗೆ ಹೋಗಿದ್ದೆ. ಡಾಕ್ಟರರ ಹತ್ತಿರ ಕೆಲಸ ಮುಗಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದವನು ದಾರಿ ತಪ್ಪಿ ಅರಿಶಿನದ ಪೇಟೆಯೊಳಗೆ ಹೊಕ್ಕೆ. ಎರಡೂ ಬದಿಗೆ ಒಟ್ಟಿದ ಚೀಲಗಳು, ನೆಲದ ಮೇಲೆ ಹಳದಿ ಧೂಳು, ಹಮಾಲರ ಕಣ್ಣರೆಪ್ಪೆಗಳ ಮೇಲೂ ಹಳದಿ. ಆ ವಾಸನೆ ಮೂಗಿಗೆ ಬಡಿದ ಕೂಡಲೇ ಒಂದು ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಅಂಗಡಿಯವನು ನೀರು ಕೊಟ್ಟು, ಬಿಸಿಲು ಬಡಿದಿರಬೇಕು ಎಂದು ಮರಾಠಿಯಲ್ಲಿ ಹೇಳಿದ. ಹೌದು ಎಂದೆ. ಆದರೆ ನನಗೆ ಬಡಿದದ್ದು ಬಿಸಿಲಲ್ಲ, ಬಿಳೂರಿನ ಒಂದು ಹಿಂಗಾರಿ ಹಂಗಾಮು.

ವಾಸನೆಯಿಂದ ಬಂದ ನೆನಪು ಸುಳ್ಳು ಹೇಳುವುದಿಲ್ಲ ಎನ್ನುವವರಿದ್ದಾರೆ. ನಾನು ನಂಬುವುದಿಲ್ಲ. ವಾಸನೆ ಮನುಷ್ಯನನ್ನು ಕಟ್ಟೆಯ ಮೇಲೆ ಕೂಡಿಸಬಲ್ಲದು, ಅಷ್ಟೆ. ಯಾರು ಯಾವ ಮಾತನ್ನು ಯಾರ ಮುಂದೆ ಆಡಿದರು ಎಂಬುದಕ್ಕೆ ಅದು ಸಾಕ್ಷಿಯಾಗಲಾರದು. ಆ ಹಂಗಾಮಿನ ಕತೆಯನ್ನು ಸ್ನೇಹಿತರ ಮುಂದೆ ಎಷ್ಟೋ ಸಲ ಹೇಳಿದ್ದೇನೆ. ಹೇಳಿದ ಪ್ರತಿ ಸಲವೂ ಅದರಲ್ಲಿ ನಾನು ಸ್ವಲ್ಪ ಸ್ವಲ್ಪ ಒಳ್ಳೆಯವನಾಗುತ್ತ ಬಂದಿದ್ದೇನೆ. ನನ್ನ ನೆನಪಿನ ಮೇಲೆ ನನಗೆ ಅನುಮಾನ ಬಂದದ್ದು ಅದರಿಂದಲೇ.

ಜತ್ತ ಸಂಸ್ಥಾನ ಮುಂಬಯಿ ರಾಜ್ಯದೊಳಗೆ ಸೇರಿ ಐದಾರು ವರ್ಷಗಳಾಗಿದ್ದವು. ನಾನು ಪುಣೆಯಲ್ಲಿ ತರ್ಕಶಾಸ್ತ್ರ ಓದಿ ಬಿ.ಎ. ಮುಗಿಸಿಕೊಂಡು ಬಂದು, ಕೆಲಸ ಸಿಗದೆ, ಜತ್ತದ ಪೇಟೆಯಲ್ಲಿದ್ದ ನಮ್ಮಪ್ಪನ ಕಾಳಿನ ಅಂಗಡಿಯಲ್ಲಿ ಕೂತು ಬಂದ ಗಿರಾಕಿಗಳ ಜೊತೆ ದೇವರು ಇದ್ದಾನೆಯೇ ಎಂದು ವಾದ ಮಾಡುತ್ತಿದ್ದೆ. ನಮ್ಮಪ್ಪ ಹಣೆಯ ಮೇಲಿನ ವಿಭೂತಿ ಮುಟ್ಟಿಕೊಂಡು ಕಾಳು ತೂಗುತ್ತಿದ್ದ. ಆಗ ಒಂದು ದಿನ ಬಿಳೂರಿನ ಸಿದ್ರಾಮಪ್ಪ ಸಾವಕಾರರು ಅಂಗಡಿಗೆ ಬಂದರು. ದೊಡ್ಡ ಹೊಲ, ದೊಡ್ಡ ವಾಡೆ, ಅದಕ್ಕೆ ತಕ್ಕ ದೊಡ್ಡ ರುಮಾಲು.

"ಏನ್ ಓದೀಯೋ ತಮ್ಮಾ?" ಎಂದು ಕೇಳಿದರು.

"ತರ್ಕಶಾಸ್ತ್ರರಿ."

"ಅದರಾಗ ಏನ್ ಬರತೈತಿ?"

"ಒಬ್ಬ ಹೇಳಿದ್ದು ಖರೇನೋ ಸುಳ್ಳೋ ಹೆಂಗ ತಿಳಕೋಬೇಕು ಅನ್ನೂದು ಬರತೈತ್ರಿ."

ಸಾವಕಾರರು ನಮ್ಮಪ್ಪನ ಕಡೆ ತಿರುಗಿ ನಕ್ಕರು. "ಇವನ್ನ ಹೊರಗ ಬಿಟ್ರ ನಮಗ ಧೋಕಾ ಐತಿ. ನಮ್ಮ ಪಕ್ಷದಾಗ ಹಾಕ್ಕೊಂಡ ಬಿಡತೀನಿ."

ಹಾಗೆ ನಾನು ರೈತ ಹಿತ ಪಕ್ಷದ ಚಿಟಣೀಸನಾದೆ. ಕಾರ್ಯದರ್ಶಿಗೆ ನಮ್ಮ ಕಡೆ ಹಾಗನ್ನುತ್ತಿದ್ದರು. ಕನ್ನಡ ಮರಾಠಿ ಎರಡರಲ್ಲೂ ಕರಪತ್ರ ಬರೆಯಬಲ್ಲ ಒಬ್ಬ ಅವರಿಗೆ ಬೇಕಾಗಿದ್ದ.

ಪಕ್ಷ ಹುಟ್ಟಿ ಆಗಿನ್ನೂ ಎರಡು ತಿಂಗಳಾಗಿತ್ತು. ಜಿಲ್ಲೆಯ ಬೋರ್ಡಿನ ಚುನಾವಣೆಗೆ ದೊಡ್ಡ ಪಕ್ಷದವರು ಸಾವಕಾರರನ್ನು ಬಿಟ್ಟು ಅವರ ದಾಯಾದಿಗೆ ಟಿಕೇಟು ಕೊಟ್ಟಿದ್ದರು. ಅದಾದ ವಾರದೊಳಗೆ ಸಾವಕಾರರಿಗೆ ರೈತರ ಕಷ್ಟ ಕಾಣಿಸಿತು. ಇನ್ನೊಂದು ವಾರಕ್ಕೆ, ಬಿಳೂರು, ಕುಣಿಕೋಣೂರು, ಬೆಳುಂಕಿಯಂಥ ಕನ್ನಡ ಊರುಗಳಿಗೆ ಆಗುತ್ತಿದ್ದ ಅನ್ಯಾಯವೂ ಕಾಣಿಸಿತು. ಕರಪತ್ರದಲ್ಲಿ ನಾನು ಇದನ್ನೆಲ್ಲ ತತ್ವಭೇದ ಎಂದು ಬರೆದೆ. ಬರೆಯುವಾಗ ನನಗೆ ನಾಚಿಕೆಯಾಗಿತ್ತು ಎಂದು ಇಲ್ಲಿ ಸೇರಿಸಲು ಮನಸ್ಸಾಗುತ್ತಿದೆ. ಆಗಿರಲಿಲ್ಲ. ಆ ಶಬ್ದ ಸಿಕ್ಕಿದ್ದಕ್ಕೆ ಖುಷಿಪಟ್ಟಿದ್ದೆ.

ಆದರೆ ಅನ್ಯಾಯ ಸುಳ್ಳಾಗಿರಲಿಲ್ಲ. ಬಿಳೂರಿನ ಕನ್ನಡ ಸಾಲೆ ಆರನೆಯ ಇಯತ್ತೆಗೆ, ಅಂದರೆ ಆರನೆಯ ತರಗತಿಗೆ, ನಿಂತುಹೋಗುತ್ತಿತ್ತು. ಏಳನೆಯದು ಮುಗಿಸಿ ಮುಲ್ಕಿ ಪರೀಕ್ಷೆ ಪಾಸಾದವರಿಗೆ ಸಾಲೆಯಲ್ಲಿ ಮಾಸ್ತರಿಕೆ ಸಿಗುತ್ತಿದ್ದ ಕಾಲ ಅದು. ಆ ಒಂದು ಇಯತ್ತೆ ಊರಲ್ಲಿ ಇಲ್ಲದ್ದರಿಂದ ಗಂಡುಮಕ್ಕಳಲ್ಲಿ ಒಬ್ಬಿಬ್ಬರು ಜತ್ತಕ್ಕೆ ಹೋಗಿ ಮರಾಠಿಯಲ್ಲಿ ತಿಣುಕುತ್ತಿದ್ದರು. ಹೆಣ್ಣುಮಕ್ಕಳು ಮನೆಯಲ್ಲಿ ಉಳಿಯುತ್ತಿದ್ದರು. ಸಾಲೆಗಳ ಕಮಿಟಿಯನ್ನು ಆರಿಸುವುದು ಜಿಲ್ಲೆಯ ಬೋರ್ಡು. ಆದ್ದರಿಂದ ನಮ್ಮ ಪಕ್ಷದ ಮೊದಲ ಬೇಡಿಕೆ, ನಿಜ ಹೇಳಬೇಕೆಂದರೆ ಒಂದೇ ಬೇಡಿಕೆ, ಬಿಳೂರಿಗೆ ಕನ್ನಡ ಏಳನೆಯ ಇಯತ್ತೆ.

ಆ ಬೇಡಿಕೆಯನ್ನು ಊರೂರಿಗೆ ಮುಟ್ಟಿಸಿದವನು ಇಮಾಮಸಾಬ ನದಾಫ. ಬಿಳೂರಿನವನು. ಹತ್ತಿ ಹಿಂಜುವ ಬಿಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ಹಳ್ಳಿ ಹಳ್ಳಿ ತಿರುಗಿ, ಮನೆಗಳ ಪಡಸಾಲೆಯಲ್ಲಿ ಕೂತು ಹಳೇ ಗಾದಿಗಳನ್ನು ಬಿಚ್ಚಿ, ಹಿಂಜಿ, ಮತ್ತೆ ಹೊಲಿದುಕೊಡುವುದು ಅವನ ಕಸುಬು. ಹಿಂಜುವಾಗ ಬಾಯಿ ಖಾಲಿ ಇರುತ್ತದಲ್ಲ, ಆಗ ನಮ್ಮ ಪ್ರಚಾರ ನಡೆಯುತ್ತಿತ್ತು. "ನಾ ಹೇಳೂದು ಹೇಳತೀನ್ರಿ, ಓಟ ಯಾರಿಗಾರ ಹಾಕ್ರಿ. ಆದ್ರ ನನ್ನ ಗಾದಿ ಮ್ಯಾಲ ಮಕ್ಕೊಂಡು ಸುಳ್ಳ ಹೇಳಬ್ಯಾಡ್ರಿ, ಹತ್ತಿ ಗಂಟ ಕಟ್ಟತೈತಿ" ಎನ್ನುತ್ತಿದ್ದ. ಮನೆಯ ಹೆಂಗಸರು ನಕ್ಕು ಗಂಡಂದಿರಿಗೆ ಹೇಳುತ್ತಿದ್ದರು. ನಾನು ಬರೆದ ಕರಪತ್ರಗಳು ಬೆಲ್ಲ ಕಟ್ಟುವುದಕ್ಕೆ ಹೋದವು. ಪಕ್ಷಕ್ಕೆ ಬಂದ ಮೂರು ಸೀಟುಗಳು ಇಮಾಮಸಾಬನ ಬಿಲ್ಲಿನವು.

ಅವನಿಗೆ ಪಕ್ಷದ ಮೇಲೆ ಪ್ರೀತಿ ಇರಲಿಲ್ಲ. ಮಗಳಿದ್ದಳು. ಮಹಬೂಬಿ ಹಿಂದಿನ ವರ್ಷವೇ ಆರನೆಯ ಇಯತ್ತೆ ಪಾಸಾಗಿದ್ದಳು, ಅದೂ ಸಾಲೆಗೆ ಮೊದಲಿಗಳಾಗಿ. ಮುಂದೆ ಇಯತ್ತೆ ಇಲ್ಲ. ಕಲಿತದ್ದು ಮರೆಯಬಾರದೆಂದು ಹೆಡ್ ಮಾಸ್ತರರು ಅವಳನ್ನು ಮತ್ತೆ ಆರನೆಯದರಲ್ಲೇ ಕೂಡಿಸಿಕೊಂಡಿದ್ದರು. ಸಾಲೆಯ ದಾಖಲೆಯಲ್ಲಿ ಹೆಸರಿಲ್ಲ, ಹಾಜರಿ ಇಲ್ಲ. ದಿನಾ ಬಂದು ಗೋಡೆಯ ಬದಿಗೆ ಕೂತು, ಮಾಸ್ತರರು ಇಲ್ಲದಾಗ ಚಿಕ್ಕವರಿಗೆ ಲೆಕ್ಕ ಹೇಳಿಕೊಡುತ್ತಿದ್ದಳು. ಈ ನಡುವೆ ಉಮದಿಯ ಒಂದು ಮನೆತನದವರು ಅವಳನ್ನು ಕೇಳಿಕೊಂಡು ಬಂದಿದ್ದರು. ಇಮಾಮಸಾಬ ಅವರಿಗೆ ಹೇಳಿದ್ದನ್ನು ನನಗೂ ಹೇಳಿದ್ದ:

"ಬರೂ ಜೂನದಾಗ ಏಳನೇತ್ತ ಸುರು ಆದ್ರ ಒಂದ ವರ್ಷ ತಡೀರಿ, ಮುಲ್ಕಿ ಮುಗಸ್ಲಿ. ಆಗಲಿಲ್ಲಂದ್ರ ನಾನ ಬಂದು ನಿಕಾ ಮಾಡಿ ಕೊಡತೀನಿ ಅಂದೀನ್ರಿ. ಅವರು ಹೂಂ ಅಂದಾರ. ಚಲೋ ಮಂದಿ. ಈಗ ಎಲ್ಲಾ ನಿಮ್ಮ ಕೈಯಾಗ ಐತ್ರಿ ಚಿಟಣೀಸರ."

"ನನ್ನ ಕೈಯಾಗ ಏನೈತಿ ಕಾಕಾ? ಮೂರು ಮೆಂಬರರ ಕೈಯಾಗ ಐತಿ."

"ಅವರಿಗೆ ಓದಾಕ ಬರೂದಿಲ್ಲಲ್ರಿ. ನೀವು ಬರದದ್ದಕ್ಕ ಅವರು ಸಹಿ ಮಾಡತಾರ."

ಆ ಮೂರು ಮೆಂಬರರು ಯಾರೆಂದರೆ, ಒಬ್ಬರು ಸಾವಕಾರರು. ಎರಡನೆಯವನು ಕುಣಿಕೋಣೂರಿನ ಗುರಪಣ್ಣ. ದುಡಿದು ತಿನ್ನುವ, ಆಣೆ, ಶಕುನ, ದೆವ್ವ ಎಲ್ಲಕ್ಕೂ ಅಂಜುವ ಐವತ್ತರ ಮನುಷ್ಯ. ಮೂರನೆಯವರು ಬೆಳುಂಕಿಯ ಪಾಟೀಲರು. ಅವರು ಏನು ಕೇಳಿದರೂ "ನೀವು ಹೆಂಗ ಅಂತೀರಿ ಹಂಗ" ಎನ್ನುವುದನ್ನು ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಬೋರ್ಡಿನಲ್ಲಿ ಒಂದು ಕಡೆ ದೊಡ್ಡ ಪಕ್ಷ. ಇನ್ನೊಂದು ಕಡೆ ನಾಲ್ಕು ಪಕ್ಷಗಳು ಕೂಡಿ ಕಟ್ಟಿದ ಆಘಾಡಿ, ದೊಡ್ಡ ಪಕ್ಷವನ್ನು ಬೈಯುವುದೊಂದರಲ್ಲಿ ಬಿಟ್ಟು ಬೇರೆ ಯಾವುದರಲ್ಲೂ ಅವರೊಳಗೆ ಒಮ್ಮತವಿಲ್ಲ. ಆಘಾಡಿಯ ಬಲ ಒಂದೇ ಒಂದು ಸೀಟು ಹೆಚ್ಚು. ನಮ್ಮ ಮೂವರು ಮೂರೂ ಕೈ ಒಟ್ಟಿಗೆ ಯಾರ ಕಡೆ ಎತ್ತುತ್ತಾರೋ ಅವರದು ಅಧ್ಯಕ್ಷಗಿರಿ. ದೊಡ್ಡ ಪಕ್ಷದ ಕಡೆ ಎರಡೇ ಕೈ ಎದ್ದರೆ ಸಾಲದು. ಮೊನ್ನೆ ಮೊನ್ನೆ ಯಾರೂ ಕೇಳದಿದ್ದ ಸಾವಕಾರರ ವಾಡೆಯ ಮುಂದೆ ಮೋಟಾರುಗಳು ನಿಲ್ಲತೊಡಗಿದವು.

ಆ ವರ್ಷ ಹಸ್ತ, ಚಿತ್ತಿ ಎರಡೂ ಮಳೆ ಹಿಡಿದು ಹೊಡೆದಿದ್ದವು. ನಮ್ಮ ಬಯಲಲ್ಲಿ ಹಾಗಾಗುವುದು ಅಪರೂಪ. ದೀಪಾವಳಿಯ ಹೊತ್ತಿಗೆ ಎರೆಹೊಲಗಳಲ್ಲಿ ಬಿಳಿಜೋಳ ಎದೆಮಟ್ಟ ನಿಂತಿತ್ತು. ಗಾಳಿ ಬಿಟ್ಟರೆ ಇಡೀ ಸೀಮೆ ಒಂದೇ ಕಡೆಗೆ ಒರಗಿ ಮತ್ತೆ ಏಳುತ್ತಿತ್ತು.

ದೀಪಾವಳಿಯಾದ ವಾರಕ್ಕೆ ಆಘಾಡಿಯ ಜೊತೆ ಒಪ್ಪಂದವಾಯಿತು. ನಾನೇ ಬರೆದೆ. ಹೊಸ ಬೋರ್ಡಿನ ಮೊದಲ ಠರಾವೇ ಬಿಳೂರಿನ ಏಳನೆಯ ಇಯತ್ತೆ ಎಂದಿತ್ತು. ಆಘಾಡಿಯ ಮುಖಂಡ ಬಿಳಿಮೀಸೆಯ ಹಳೇ ಪೈಲವಾನ, ಕಾಗದವನ್ನು ಮಡಚಿ ಕಿಸೆಗಿಟ್ಟುಕೊಂಡು, "ಇದು ಸಾಹೇಬರಿಗಾತು. ಈಗ ದೇವರಿಗೆ ಬರ್ರಿ. ಬೇಲ-ಭಂಡಾರ ಎತ್ರಿ" ಎಂದ.

ಬೇಲ-ಭಂಡಾರ ಎಂದರೆ ಬಿಲ್ವಪತ್ರೆ ಮತ್ತು ಬೀರಪ್ಪನ ಗುಡಿಯ ಅರಿಶಿನದ ಪುಡಿ. ಅವೆರಡನ್ನು ಅಂಗೈಯಲ್ಲಿ ಹಿಡಿದು ಎತ್ತಿ ಕೊಟ್ಟ ಮಾತನ್ನು ನಮ್ಮ ಕಡೆ ಯಾವ ಜಾತಿಯವನೂ ಮುರಿಯುವುದಿಲ್ಲ. ಮುರಿದವನ ವಂಶ ಉಳಿಯುವುದಿಲ್ಲ ಎಂಬ ನಂಬಿಕೆ. ನನ್ನ ಒಪ್ಪಂದದ ಭಾಷೆಗಿಂತ ಇದಕ್ಕೆ ಬೆಲೆ ಹೆಚ್ಚಾದದ್ದು ನೋಡಿ ನನಗೆ ನಗು ಬಂತು, ಸ್ವಲ್ಪ ಸಿಟ್ಟೂ ಬಂತು. "ತಮ್ಮಾ, ಸೈಕಲ್ ಮ್ಯಾಲ ಲಗೂನ ಹೋಗಿ ಗುಡಿಯಿಂದ ತೊಗೊಂಡ ಬಾ" ಎಂದರು ಸಾವಕಾರರು.

ಗುಡಿ ಊರ ಹೊರಗಿನ ದಿನ್ನೆಯ ಮೇಲೆ. ಪತ್ರಿ ಗಿಡ ಅಲ್ಲೇ ಇತ್ತು, ಎಲೆ ಹರಿದುಕೊಂಡೆ. ಬಾಗಿಲಿಗೆ ಬೀಗ. ಪೂಜಾರಿ ಕುರಿ ಹೊಡೆದುಕೊಂಡು ಕೃಷ್ಣಾ ದಂಡೆಗೆ ಹೋಗಿ ನಾಲ್ಕು ದಿನವಾಯಿತು, ಇನ್ನು ಯುಗಾದಿಗೇ ಬರುವುದು ಎಂದು ಹೊಲದಲ್ಲಿದ್ದವನೊಬ್ಬ ಹೇಳಿದ. ವಾಪಸು ಬರುವಾಗ ಊರ ಬಾಯಿಗೇ ಇಮಾಮಸಾಬನ ಮನೆ. ಅವನು ಮನೆಯಲ್ಲಿರಲಿಲ್ಲ, ಹೆಂಡತಿ ರಾಜಮಾ ಅಂಗಳ ಸಾರಿಸುತ್ತಿದ್ದಳು.

"ಅಕ್ಕಾರ, ಒಂದೀಟು ಅರಿಶಿನ ಕೊಡ್ರಿ."

"ಅಡಗೀಗೇನ್ರಿ?"

"ಹೂಂ."

ಕೈ ತೊಳೆದುಕೊಂಡು ಒಳಗೆ ಹೋಗಿ, ಡಬ್ಬಿಯಿಂದ ಕಾಗದಕ್ಕೆ ಸುರುವಿ ತಂದುಕೊಟ್ಟಳು. "ಸಾಂಗಲಿ ಮಾಲ್ರಿ, ಬಣ್ಣ ಚಲೋ ಬಿಡತೈತಿ" ಎಂದಳು. ಪುಡಿ ಎಲ್ಲಿಯದಾದರೇನು, ಪುಡಿ ಪುಡಿಯೇ. ಹೀಗೆ ಯೋಚಿಸಿದ್ದು ಚೆನ್ನಾಗಿ ನೆನಪಿದೆ. ಪುಣೆಯಲ್ಲಿ ನಾಲ್ಕು ವರ್ಷ ಕಲಿತದ್ದು ಅವತ್ತು ಮೊದಲ ಸಲ ಕೆಲಸಕ್ಕೆ ಬಂದಂತೆ ಅನ್ನಿಸಿ ಸೈಕಲ್ಲಿನ ಮೇಲೆ ಸಿಳ್ಳೆ ಹಾಕಿಕೊಂಡು ಬಂದೆ.

ಮೂವರೂ ಬೇಲ-ಭಂಡಾರ ಎತ್ತಿದರು. ಸಾವಕಾರರು ತೂಕ ನೋಡುವವರಂತೆ ಎತ್ತಿದರು. ಪಾಟೀಲರು ಸಾವಕಾರರ ಕೈ ನೋಡಿಕೊಂಡು ಎತ್ತಿದರು. ಗುರಪಣ್ಣ ಕಣ್ಣು ಮುಚ್ಚಿಕೊಂಡು ಎತ್ತಿದ. ಪುಡಿಯನ್ನು ಹಣೆಗೆ ಬಡಿದುಕೊಂಡು, ಒಂದು ಚಿಟಿಕೆ ನಾಲಿಗೆಯ ಮೇಲೆ ಹಾಕಿಕೊಂಡು, "ಬೀರಪ್ಪಾ, ನನ್ನ ಮೊಮ್ಮಗನ ಆಣಿ" ಎಂದ. ನಾನು ಕಂಬಕ್ಕೆ ಒರಗಿ ನಗು ತಡೆದುಕೊಂಡೆ.

ಬೋರ್ಡಿನ ಸಭೆ ಸಂಕ್ರಾಂತಿಯಾದ ಮೇಲೆ ಎಂದು ಗೊತ್ತಾಗಿತ್ತು. ಅಷ್ಟರಲ್ಲಿ ಸೀತನಿಯ ದಿನಗಳು ಬಂದವು. ಜೋಳದ ತೆನೆಯ ಕಾಳು ಹಾಲು ಬತ್ತಿ ಇನ್ನೂ ಗಟ್ಟಿಯಾಗುವ ಮೊದಲು, ಹೊಲದಲ್ಲೇ ಕುಳ್ಳಿನ ಕೆಂಡ ಮಾಡಿ, ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಬಿಸಿಬಿಸಿ ಕಾಳನ್ನು ಶೇಂಗಾ ಚಟ್ನಿ, ಮೊಸರಿನ ಜೊತೆ ತಿನ್ನುವುದು. ನೆಂಟರಿಷ್ಟರನ್ನು ಕರೆಯುವ ಹಂಗಾಮು ಅದು. ಕುಣಿಕೋಣೂರಿನ ತನ್ನ ಹೊಲಕ್ಕೆ ಗುರಪಣ್ಣ ನಮ್ಮನ್ನೆಲ್ಲ ಕರೆದ. ಸಾವಕಾರರು ಕರೆದದ್ದು ಇನ್ನೊಬ್ಬರನ್ನು: ಸಾಂಗಲಿಯಿಂದ ದೊಡ್ಡ ಪಕ್ಷದ ಪರವಾಗಿ ಬಂದ ಒಬ್ಬ ವಕೀಲರು. ಬೂಟು ಬಿಚ್ಚಿ, ಕಂಬಳಿಯ ಮೇಲೆ ಕೂತು, ನನ್ನ ಪಕ್ಕದಲ್ಲೇ ತೆನೆ ತಿಕ್ಕತೊಡಗಿದರು. ಪುಣೆಯಲ್ಲಿ ಓದಿದವನು ಎಂದು ತಿಳಿದು ನನ್ನ ಜೊತೆ ಮರಾಠಿಯಲ್ಲಿ ಹರಟಿದರು. ಯಾವ ಓಣಿಯಲ್ಲಿ ಇದ್ದೆ, ಯಾವ ಖಾನಾವಳಿಯಲ್ಲಿ ಉಣ್ಣುತ್ತಿದ್ದೆ. ಎಷ್ಟೋ ದಿನಗಳ ಮೇಲೆ ನನ್ನನ್ನು ಮನುಷ್ಯನಂತೆ ಯಾರೋ ಮಾತಾಡಿಸಿದ ಹಾಗಾಯಿತು.

ಆಮೇಲೆ ಅವರು ಕೈ ಝಾಡಿಸಿಕೊಂಡು ವಿಷಯಕ್ಕೆ ಬಂದರು. ಸಾವಕಾರರಿಗೆ ಉಪಾಧ್ಯಕ್ಷಗಿರಿ, ಮೂರೂ ಮತ ದೊಡ್ಡ ಪಕ್ಷಕ್ಕೆ. ಸಾವಕಾರರ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಅವರೊಳಗೆ ಮೊದಲೇ ಮಾತಾಗಿತ್ತು, ಅವತ್ತು ನಡೆದದ್ದು ಉಳಿದವರಿಗೆ ತಿಳಿಸುವ ಕಾರ್ಯಕ್ರಮ. ಪಾಟೀಲರು ಕೂಡಲೇ, "ನೀವು ಹೆಂಗ ಅಂತೀರಿ ಹಂಗ" ಎಂದರು.

ಗುರಪಣ್ಣ ಮಾತ್ರ ಕೆಂಡದ ಮೇಲಿನ ತೆನೆ ಹೊರಳಿಸುವುದನ್ನು ನಿಲ್ಲಿಸಿದ.

"ಸಾವಕಾರ್ರ, ನನಗ ಇರಾಂವ ಒಬ್ಬನ ಮೊಮ್ಮಗ."

"ಅದಕ್ಕೇನಾತು?"

"ಭಂಡಾರ ಬಾಯಾಗ ಹಾಕ್ಕೊಂಡೀನ್ರಿ."

"ಏ, ಎಲ್ಲಾರೂ ಎತ್ತೀವಿ. ಕಾಣಿಕಿ ಹಾಕಿ ತಪ್ಪ ಒಪ್ಪಿಕೊಂಡ್ರ ಆತು."

"ನೀವು ಕಾಣಿಕಿ ಹಾಕ್ರಿ, ಕುರಿ ಹಾಕ್ರಿ. ನನ್ನ ಕೈ ಮಾತ್ರ ಆಘಾಡಿ ಕಡೇನ ಏಳತೈತಿ. ಬೇಕಾದ್ರ ಪಕ್ಷದಾಗಿಂದ ತಗೀರಿ."

ಆ ಗಳಿಗೆಯನ್ನು ಈಗ ನಿಲ್ಲಿಸಿ ನೋಡಿದರೆ ಎಲ್ಲವೂ ಸ್ಪಷ್ಟವಾಗಿದೆ. ನನ್ನ ಠರಾವು, ಸಹಿಗಳು, ತತ್ವಭೇದ, ಎಲ್ಲ ಮಣ್ಣುಪಾಲಾಗಿದ್ದವು. ಮಹಬೂಬಿಯ ಏಳನೆಯ ಇಯತ್ತೆಯನ್ನು ಹಿಡಿದು ನಿಲ್ಲಿಸಿದ್ದು ಒಬ್ಬ ಅಂಜುಬುರುಕನ ಅಂಜಿಕೆ ಒಂದೇ. ಆ ಅಂಜಿಕೆ ಗಟ್ಟಿಯಾಗಿತ್ತು. ವಕೀಲರು ಬೂಟಿನ ಕಡೆ ನೋಡತೊಡಗಿದ್ದರು.

ಇಲ್ಲಿಂದ ಮುಂದಿನದನ್ನು ನಾನು ಯಾವಾಗಲೂ ಹೀಗೆ ಹೇಳುತ್ತಿದ್ದೆ: ಅವತ್ತು ಮಾತು ಮುರಿದು ಎಲ್ಲರೂ ಎದ್ದುಹೋದರು. ನಾಲ್ಕು ದಿನದ ಮೇಲೆ ಬೀರಪ್ಪನ ಪೂಜಾರಿ ಗುರಪಣ್ಣನಿಗೆ ಸಿಕ್ಕು, ಭಂಡಾರವನ್ನು ನಾನು ಕೊಟ್ಟೇ ಇಲ್ಲವಲ್ಲ ಎಂದ. ಹಾಗಾಗಿ ಗುಟ್ಟು ಒಡೆಯಿತು. ಈ ಕತೆಯಲ್ಲಿ ಪೂಜಾರಿಯ ಕಂಬಳಿಯ ಬಣ್ಣವೂ ನನಗೆ ಕಾಣುತ್ತಿತ್ತು. ಕೇಳಿದವರೆಲ್ಲ ಅಯ್ಯೋ ಪಾಪ ಎನ್ನುತ್ತಿದ್ದರು.

ಆದರೆ ಪೂಜಾರಿ ಯುಗಾದಿಗೆ ಬರುವವನು. ಬೋರ್ಡಿನ ಸಭೆ ಸಂಕ್ರಾಂತಿಯ ಮರುವಾರ. ಕೃಷ್ಣಾ ದಂಡೆಯಲ್ಲಿ ಕುರಿ ಮೇಯಿಸುತ್ತಿದ್ದವನು ಕುಣಿಕೋಣೂರಿನಲ್ಲಿ ಗುರಪಣ್ಣನಿಗೆ ಹೇಗೆ ಸಿಕ್ಕ? ಇಷ್ಟು ಸಣ್ಣ ಪ್ರಶ್ನೆ ಕೇಳಿಕೊಳ್ಳಲು ತರ್ಕಶಾಸ್ತ್ರ ಓದಿದವನಿಗೆ ಇಪ್ಪತ್ತು ವರ್ಷ ಬೇಕಾದವು. ಅರಿಶಿನ ಗುಡಿಯದಲ್ಲ ಎಂದು ಈ ಭೂಮಿಯ ಮೇಲೆ ಗೊತ್ತಿದ್ದವನು ಒಬ್ಬನೇ. ರಾಜಮಾಗೂ ಅದು ಅಡಿಗೆಗೆ ಹೋಯಿತೆಂದೇ ಗೊತ್ತು. ಪೂಜಾರಿಯನ್ನೂ ಅವನ ಕಂಬಳಿಯನ್ನೂ ತೆಗೆದುಹಾಕಿದರೆ ಆ ಹೊಲದಲ್ಲಿ ಉಳಿಯುವವನು ನಾನು.

ನಾನೇ ಹೇಳಿದ್ದು. ಗುರಪಣ್ಣನ ಮಾತು ಕೇಳಿ ವಕೀಲರು ನನ್ನ ಕಡೆ ನೋಡಿ ಹುಬ್ಬೇರಿಸಿದರು, ಇಂಥವರ ನಡುವೆ ನೀವು ಹೇಗಿದ್ದೀರಿ ಎಂಬಂತೆ. ಆ ಹುಬ್ಬು ಸಾಕಾಯಿತು. ಇವರಲ್ಲಿ ನಾನೊಬ್ಬನಲ್ಲ ಎಂದು ತೋರಿಸಿಕೊಳ್ಳಬೇಕಿತ್ತು ನನಗೆ. ನಗುತ್ತ ಮರಾಠಿಯಲ್ಲಿ, ಅದು ಗುಡಿಯ ಭಂಡಾರವೇ ಅಲ್ಲ ವಕೀಲಸಾಹೇಬರೇ, ಒಂದು ಮನೆಯ ಅಡಿಗೆಯ ಅರಿಶಿನ, ಇವನು ಸಾರಿನ ಅರಿಶಿನಕ್ಕೆ ಅಂಜಿ ಕೂತಿದ್ದಾನೆ ಎಂದೆ. ಮೆಲ್ಲಗೆ ಹೇಳಿದೆ ಎಂದು ಬರೆಯಬಹುದಿತ್ತು. ಮೆಲ್ಲಗೆ ಹೇಳಿದರೂ ಅಷ್ಟೆ. ಗುರಪಣ್ಣ ಕೂತಿದ್ದು ಎರಡು ಮೊಳ ದೂರ, ಮರಾಠಿ ನನ್ನಷ್ಟೇ ಅವನಿಗೂ ಬರುತ್ತಿತ್ತು.

"ಯಾರ ಮನಿ ಅರಿಶಿನ?" ಎಂದು ಅವನು ಕನ್ನಡದಲ್ಲಿ ಕೇಳಿದ.

ಈಗ ಸುಮ್ಮನಿರಬಹುದಿತ್ತು. ನಮ್ಮ ಮನೆಯದು ಎನ್ನಬಹುದಿತ್ತು. "ಇಮಾಮಸಾಬನ ಮನೀದು" ಎಂದೆ.

ಗುರಪಣ್ಣ ಎದ್ದು, ಬದುವಿನ ಕಡೆ ಹೋಗಿ ಕ್ಯಾಕರಿಸಿ ಉಗುಳಿದ. ತತ್ರಾಣಿಯ ನೀರಿನಿಂದ ಬಾಯಿ ಮುಕ್ಕಳಿಸಿದ. ಎರಡು ತಿಂಗಳ ಹಿಂದೆ ನಾಲಿಗೆಗೆ ತಾಗಿದ್ದನ್ನು ಅವತ್ತು ಉಗುಳಿದ. ಅದೇ ಇಮಾಮಸಾಬ ಹೊಲಿದ ಗಾದಿಯ ಮೇಲೆ ಅವನು ದಿನಾ ಮಲಗುತ್ತಿದ್ದ. ಆ ಗಾದಿ ಅವನಿಗೆ ಮೈಲಿಗೆಯಾಗಿರಲಿಲ್ಲ. ತಿರುಗಿ ಬರುವಾಗ ಅವನ ಮುಖ ಅರಳಿತ್ತು, ಬೇನೆ ಬಿಟ್ಟವನ ಮುಖದಂತೆ.

"ಹಂಗಾರ ಆಣಿ ಆಗೇ ಇಲ್ಲ ಅನ್ರಿ! ಸಾಬರ ಮನಿ ಅರಿಶಿನಕ್ಕ ಬೀರಪ್ಪ ಎಲ್ಲಿಂದ ಬರತಾನ? ಸುಮ್ಮನ ಎರಡ ತಿಂಗಳ ನಿದ್ದಿಗೆಟ್ಟೆ."

ಕೂತು ಇನ್ನೂ ಎರಡು ಮುಷ್ಟಿ ಸೀತನಿ ತಿಂದ. ತುಟಿಗಳು ಬೂದಿಯಿಂದ ಕಪ್ಪಾಗಿದ್ದವು. ಪಾಟೀಲರು ಮೊಸರಿನ ಗಡಿಗೆಯನ್ನು ಅವನ ಕಡೆ ಸರಿಸಿದರು. ಸಾವಕಾರರು ನನ್ನ ಬೆನ್ನು ತಟ್ಟಿ, "ನಿನ್ನ ಬಿ.ಎ. ಇವತ್ತ ಉಪಯೋಗಕ್ಕ ಬಂತ ನೋಡೋ ತಮ್ಮಾ" ಎಂದರು. ಅದನ್ನು ಅವರು ಹೊಗಳಿಕೆಯೆಂದೇ ಹೇಳಿದರು. ನಾನೂ ಒಂದು ಕ್ಷಣ ಹಾಗೆಯೇ ತೆಗೆದುಕೊಂಡಿರಬಹುದು. ಇಲ್ಲ ಎಂದು ಆಣೆ ಮಾಡಲಾರೆ.

ಏಳನೆಯ ಇಯತ್ತೆಯ ಮಾತನ್ನು ಎತ್ತಿದೆ, ಇದು ನಿಜ. ಸಾವಕಾರರು ಹಲ್ಲಿನ ಸಂದಿಯ ಹೊಟ್ಟು ತೆಗೆಯುತ್ತ, "ಅದನ್ನೂ ಕೇಳೂಣು. ಮೊದಲ ಖುರ್ಚಿ ಮ್ಯಾಲ ಕುಂದರೂಣು" ಎಂದರು.

ಕೂತರು. ಸಭೆಯಲ್ಲಿ ಮೂರೂ ಕೈ ಒಟ್ಟಿಗೆ ಎದ್ದವು. ಆಘಾಡಿಯ ಪೈಲವಾನ ಎದ್ದು ನಿಂತು, ಬೇಲ-ಭಂಡಾರ ಎತ್ತಿದ ಕೈಗಳು ಇವು ಎಂದು ಕೂಗಿದ. ಗುರಪಣ್ಣ ಕೂತಲ್ಲಿಂದಲೇ ಅದು ಯಾರ ಮನೆಯ ಅರಿಶಿನ ಎಂಬುದನ್ನು ಸಭೆಗೆಲ್ಲ ಕೇಳುವಂತೆ ಹೇಳಿದ. ಜನ ನಕ್ಕರು. ಎರಡೂ ಕಡೆಯವರು ನಕ್ಕರು, ಪೈಲವಾನನ ಮೀಸೆಯೂ ಅಲುಗಿತು. ಆ ಕೋಣೆಯಲ್ಲಿ ಅವತ್ತು ನಿಜವಾದ ಒಮ್ಮತವಾದದ್ದು ಅದೊಂದೇ ವಿಷಯದಲ್ಲಿ.

ಅವತ್ತೇ ರಾಜೀನಾಮೆ ಬಿಸಾಡಿ ಬಂದೆ ಎಂದು ಎಲ್ಲರಿಗೂ ಹೇಳಿದ್ದೇನೆ. ಬಿಸಾಡಲಿಲ್ಲ. ಸುಭದ್ರ ಆಡಳಿತಕ್ಕಾಗಿ, ಜನಹಿತವನ್ನು ಮನಗಂಡು, ಪಕ್ಷವು ಈ ನಿರ್ಣಯಕ್ಕೆ ಬಂದಿದೆ ಎಂಬ ಕರಪತ್ರವನ್ನು ಬರೆದವನು ನಾನು. "ಮನಗಂಡು" ಎಂಬ ಶಬ್ದದ ಬಗ್ಗೆ ಅಚ್ಚುಕೂಟದವನ ಜೊತೆ ವಾದ ಮಾಡಿದ್ದು ನೆನಪಿದೆ. ಇದು ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿತ್ತು. ಪಕ್ಷ ಬಿಟ್ಟದ್ದು ಬೇಸಿಗೆಯಲ್ಲಿ. ಅದಕ್ಕೂ ಕಾರಣ ತತ್ವವಲ್ಲ, ವಿಜಾಪುರದಲ್ಲಿ ಸಾಲೆಯೊಂದರಲ್ಲಿ ಕೆಲಸ ಸಿಗುವ ಹಾಗಿತ್ತು.

ಏಳನೆಯ ಇಯತ್ತೆಯ ಅರ್ಜಿಗೆ ಉತ್ತರ ಬಂತು: ಮಕ್ಕಳ ಸಂಖ್ಯೆ ಸಾಲದು, ಮುಂದೆ ನೋಡೋಣ. ಉಪಾಧ್ಯಕ್ಷರ ಸಹಿ ಇತ್ತು. ಸಾವಕಾರರ ಸಹಿ ಅಷ್ಟರಲ್ಲಿ ಬಹಳ ಸುಧಾರಿಸಿತ್ತು.

ಆ ಕಾಗದ ಹಿಡಿದುಕೊಂಡು ಇಮಾಮಸಾಬನ ಮನೆಗೆ ಹೋದೆ. ಮಧ್ಯಾಹ್ನ. ಅವನು ಪಡಸಾಲೆಯಲ್ಲಿ ಹಿಂಜುತ್ತಿದ್ದ, ಗಡ್ಡದ ಮೇಲೆ ಹತ್ತಿಯ ಎಳೆ ಕೂತಿತ್ತು. ನನ್ನನ್ನು ನೋಡಿ ಬಿಲ್ಲು ಬದಿಗಿಟ್ಟ.

"ಕುಂದ್ರಿ ಚಿಟಣೀಸರ. ಕಾಗದಾ ಓದೂದು ಬ್ಯಾಡ್ರಿ. ನಿಕಾದ ತಾರೀಖ ಗೊತ್ತ ಮಾಡಿ ಬಂದೀನಿ."

ನಾನು ಏನೋ ಹೇಳಲು ಹೋದೆ. 'ಪರಿಸ್ಥಿತಿ' ಎಂಬ ಶಬ್ದ ಬಾಯಿಂದ ಬಂತು.

"ಒಂದ ಮಾತ ಕೇಳತೀನ್ರಿ, ಸಿಟ್ಟಾಗಬ್ಯಾಡ್ರಿ" ಎಂದ. "ನಮ್ಮನಿ ಅರಿಶಿನ ಅಂತ ಎಲ್ಲಾರೂ ನಕ್ಕರಂತಲ್ಲ. ನೀವೂ ಅಲ್ಲೇ ಇದ್ದಿರೇನ್ರಿ?"

"ಇದ್ದೆ ಕಾಕಾ."

ಅವನು ಗಡ್ಡದ ಮೇಲಿನ ಹತ್ತಿಯ ಎಳೆ ತೆಗೆದುಕೊಂಡ. ಒಳಗಿಂದ ರಾಜಮಾ ಬಾಗಿಲಿಗೆ ಬಂದು ನಿಂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಎಂದು ತೋರಿಸಿಕೊಡುವವರ ದನಿ.

"ಅವತ್ತ ನಾ ಕೇಳಿದ್ನಿಲ್ರಿ, ಅಡಗೀಗೇನು ಅಂತ. ನೀವು ಹೂಂ ಅಂದ್ರಿ. ಆಣಿಗೆ ಬೇಕಾಗೇತಿ ಅಂದಿದ್ರ ನಾ ಎದಕ್ಕ ಅಡಗೀ ಡಬ್ಬಿ ತೆರೀತಿದ್ನಿ? ಪೂಜಾರಿ ಅವ್ವ ಇಲ್ಲೇ ಮೂರನೇ ಮನ್ಯಾಗ ಇರತಾಳ. ಗುಡಿ ಭಂಡಾರ ಅಕೀ ಹತ್ರ ಯಾವಾಗ್ಲೂ ಇರತೈತಿ. ನಮ್ಮ ಹುಡುಗರಿಗೆ ಜ್ವರ ಬಂದ್ರ ನಾವೂ ಇಸಗೊಂಡ ಬರತೀವಿ. ಕೇಳಿದ್ರ ಓಡಿ ಹೋಗಿ ತಂದ ಕೊಡತಿದ್ನಿ."

ಮೂರು ಮನೆ ಆಚೆ ಇದ್ದದ್ದನ್ನು ನಾನು ಯಾಕೆ ಕೇಳಲಿಲ್ಲವೆಂದರೆ, ಕೇಳುವಂಥದ್ದು ಅದರಲ್ಲಿ ಏನೂ ಇಲ್ಲವೆಂದು ನನಗೆ ಖಾತ್ರಿಯಿತ್ತು. ಆ ಆಣೆಯನ್ನು ನಿಜವೆಂದು ತಿಳಿದವರು ಗುರಪಣ್ಣ ಮತ್ತು ಈ ಹೆಂಗಸು. ಸುಳ್ಳೆಂದು ತಿಳಿದವರು ಸಾವಕಾರರು ಮತ್ತು ನಾನು. ಯಾರ ಪಂಗಡದಲ್ಲಿ ನಾನಿದ್ದೆ ಎಂಬುದು ಆ ಮಧ್ಯಾಹ್ನ ಗೊತ್ತಾಯಿತು. ಮಹಬೂಬಿ ಹೊರಗೆ ಬರಲಿಲ್ಲ.

ಏಳನೆಯ ಇಯತ್ತೆ ಮುಂದಿನ ವರ್ಷ ಬಂತು. ಬಂದದ್ದು ಹೇಗೆಂಬುದು ಎಲ್ಲಕ್ಕಿಂತ ಹೇಸಿಗೆ. ರಸ್ತೆ ಕಮಿಟಿ ತನಗೆ ಕೊಡಲಿಲ್ಲವೆಂದು ಗುರಪಣ್ಣ ಸಾವಕಾರರ ಜೊತೆ ಜಗಳಾಡಿ ಪಕ್ಷ ಒಡೆದ. ಮೂರು ಮಂದಿಯ ಪಕ್ಷ ಒಡೆದು ಒಬ್ಬನ ಪಕ್ಷವಾಯಿತು. ಹೆಸರು ಖರೇ ರೈತ ಹಿತ ಪಕ್ಷ. ಅಷ್ಟರಲ್ಲಿ ದೊಡ್ಡ ಪಕ್ಷದಲ್ಲೇ ಇಬ್ಬರು ಮುನಿಸಿಕೊಂಡಿದ್ದರು, ಗುರಪಣ್ಣನ ಒಂದು ಕೈಗೆ ಬೆಲೆ ಬಂತು. ಸಾವಕಾರರನ್ನು ಅವರ ಊರಲ್ಲೇ ಅವಮಾನ ಮಾಡಬೇಕೆಂದು ಅವನು ಕೇಳಿದ್ದು ಬಿಳೂರಿನ ಏಳನೆಯ ಇಯತ್ತೆ. ಒಂದೇ ಸಭೆಯಲ್ಲಿ ಮಂಜೂರಾಯಿತು. ಮಕ್ಕಳ ಸಂಖ್ಯೆಯ ಮಾತೇ ಬರಲಿಲ್ಲ. ಇಯತ್ತೆ ತೆರೆದ ದಿನ ಅದರಲ್ಲಿ ನಾಲ್ಕು ಹುಡುಗರು ಕೂತರಂತೆ.

ನಾನು ಆಗ ವಿಜಾಪುರದಿಂದ ರಜೆಗೆ ಬಂದವನು ಮಳೆಗೆ ಜತ್ತದಲ್ಲೇ ಉಳಿದಿದ್ದೆ. ಒಂದು ಮುಂಜಾನೆ ಇಮಾಮಸಾಬ ನಮ್ಮ ಅಂಗಡಿಯ ಮುಂದೆ ನಿಂತ. ಹೆಗಲ ಮೇಲೆ ಬಿಲ್ಲು, ಕಾಲಿಗೆ ಮೊಣಕಾಲಮಟ್ಟ ಎರೆಮಣ್ಣು. ಉಮದಿಗೆ ನಡೆದು ಹೋಗಿ ಬಂದಿದ್ದ.

"ಬೀಗರನ್ನ ಕೇಳಿದ್ನಿರಿ" ಎಂದ. "ಇಯತ್ತೆ ಬಂದೈತಿ, ಒಂದ ವರ್ಷ ಕಳಸ್ರಿ, ಮುಲ್ಕಿ ಮುಗಿಸಿಕೊಂಡ ಬರತಾಳ ಅಂದೆ. ನಗತಾರ ಅಂತ ಮಾಡಿದ್ನಿ. ನಗಲಿಲ್ರಿ. ಭಾಳ ಚಲೋ ಮಂದಿ. ಅಕೀನ್ನ ಕೇಳ್ರಿ, ಹೊಕ್ಕೀನಿ ಅಂದ್ರ ಕರಕೊಂಡ ಹೋಗ್ರಿ ಅಂದ್ರು."

"ಏನಂದಳು?"

"ಒಲಿ ಮುಂದ ರೊಟ್ಟಿ ಬಡೀತಿದ್ಳು. ದಿನಾ ತುಂಬಿದಾಕಿ. ಕೈ ನಿಲ್ಲಿಸಲಿಲ್ಲ. 'ನಾ ಎಲ್ಲಾ ಮರತೀನಿ, ಅಬ್ಬಾ' ಅಂದ್ಳು."

ನಮ್ಮಪ್ಪ ತಕ್ಕಡಿಯ ಮೇಲಿನ ಕೈಯನ್ನು ಹಾಗೆಯೇ ಹಿಡಿದು ನಿಂತಿದ್ದ. ಇಮಾಮಸಾಬ ಅವನ ಕಡೆ ನೋಡಲಿಲ್ಲ, ನನ್ನನ್ನೇ ನೋಡಿದ.

"ನೀವು ಖರೇ ಸುಳ್ಳು ತಿಳಿಯೂದು ಕಲಿತವರು ಅಂತ ಕೇಳತೀನ್ರಿ. ಒಂದಲ್ಲ, ಎರಡ ಸಲ ಓದಿದ್ದ ಆರನೇತ್ತ. ಇಷ್ಟ ಲಗೂನ ಮರೀತೈತೇನ್ರಿ?"

"ಮರೀತೈತಿ ಕಾಕಾ," ಎಂದೆ.

ಅವನು "ಓದಿದವರು ಅಂದ್ರ ಖರೇನ ಇರಬೇಕು" ಎಂದು ಬಿಲ್ಲನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು, ಬಿಳೂರಿನ ದಾರಿ ಹಿಡಿದ.